ಫಾರ್ಮ್ಯಾಟ್ ಬೇಡ ಮೇಷ್ಟ್ರೇ, ಮೊದಲು ಫೈಲು ಉಳಿಸಿಕೊಳ್ಳಿ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ, ಊರು ತೀರ್ಥಹಳ್ಳಿ ಹತ್ತಿರ. 2016ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. ಐ3 ನಾಲ್ಕನೇ ಜನರೇಷನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆರು ತಿಂಗಳಿಂದ ಪದೇ ಪದೇ ಹ್ಯಾಂಗ್ ಆಗುತ್ತಿದೆ. ಕೆಲವೊಮ್ಮೆ ಒಂದೆರಡು ನಿಮಿಷ ಕಾದರೆ ತಾನೇ ಸರಿಹೋಗುತ್ತದೆ, ಕೆಲವೊಮ್ಮೆ ಪವರ್ ಬಟನ್ ಒತ್ತಿ ಹಿಡಿದೇ ಆರಿಸಬೇಕು. ಅಂಗಡಿಯಲ್ಲಿ ಎರಡು ಸಲ ಫಾರ್ಮ್ಯಾಟ್ ಮಾಡಿಕೊಟ್ಟರು. ಪ್ರತಿ ಸಲವೂ ಹದಿನೈದು ದಿನ ಚೆನ್ನಾಗಿತ್ತು, ಆಮೇಲೆ ಅದೇ ಕತೆ. ಈಗ ಮತ್ತೊಂದು ಸಲ ಫಾರ್ಮ್ಯಾಟ್ ಮಾಡೋಣ, ಇಲ್ಲವೇ ಹೊಸದು ತಗೊಳ್ಳಿ ಎನ್ನುತ್ತಿದ್ದಾರೆ. ಡಿ ಡ್ರೈವಿನಲ್ಲಿ ನಾನು ನುಡಿ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹತ್ತು ವರ್ಷದ ಬರಹ, ಮೊಮ್ಮಕ್ಕಳ ಫೋಟೋಗಳು ಇವೆ. ಏನು ಮಾಡಲಿ?

ಉತ್ತರ:

ಮೇಷ್ಟ್ರೇ, ಮೂರನೇ ಸಲ ಫಾರ್ಮ್ಯಾಟ್ ಮಾಡಿಸಬೇಡಿ. ಇದನ್ನು ಓದಿ ಮುಗಿಸುವವರೆಗೆ ಆ ಕಂಪ್ಯೂಟರನ್ನು ಆನ್ ಕೂಡ ಮಾಡಬೇಡಿ. ನೀವು ಬರೆದ ಲಕ್ಷಣ ನೋಡಿದರೆ ನನಗೆ ಮೊದಲ ಅನುಮಾನ ಬರುವುದು ಹಾರ್ಡ್ ಡಿಸ್ಕ್ ಮೇಲೆ. ಅದು ನಿಜವಾದರೆ ನಿಮ್ಮ ಹತ್ತು ವರ್ಷದ ಬರಹ ಸಾಯುತ್ತಿರುವ ಡಿಸ್ಕಿನ ಮೇಲೆ ಕೂತಿದೆ. ಕಂಪ್ಯೂಟರ್ ರಿಪೇರಿ ಆಮೇಲೆ. ಮೊದಲು ಫೈಲು.

"ಡಿ ಡ್ರೈವಿನಲ್ಲಿದೆ, ಫಾರ್ಮ್ಯಾಟ್ ಮಾಡಿದರೂ ಹೋಗಲ್ಲ" ಎಂಬ ಧೈರ್ಯ ತುಂಬಾ ಜನರಿಗೆ ಇದೆ, ನಿಮಗೂ ಇರಬಹುದು. ಸಿ ಮತ್ತು ಡಿ ಎರಡು ಬೇರೆ ಬೇರೆ ಡಿಸ್ಕ್ ಅಲ್ಲ. ಒಂದೇ ಗದ್ದೆಗೆ ನಡುವೆ ಬದು ಹಾಕಿದ ಹಾಗೆ, ಒಂದೇ ಡಿಸ್ಕನ್ನು ಎರಡು ಭಾಗ ಮಾಡಿರುತ್ತಾರೆ. ಗದ್ದೆಗೆ ನೆರೆ ಬಂದರೆ ಬದುವಿನ ಎರಡೂ ಕಡೆ ನೀರೇ. ವಿಂಡೋಸ್ ಹಾಳಾದಾಗ ಡಿ ಡ್ರೈವ್ ಕಾಪಾಡುತ್ತದೆ, ಸರಿ. ಡಿಸ್ಕೇ ಹಾಳಾದಾಗ ಕಾಪಾಡುವುದಿಲ್ಲ.

ಹಾಗಾದರೆ ಕಾಪಿ ಮಾಡುವುದು ಹೇಗೆ? ಒಂದು ಹೊಸ ಪೆನ್‌ಡ್ರೈವ್ ತನ್ನಿ, 32 ಅಥವಾ 64 ಜಿಬಿಯದು ಸಾಕು. ಫೋಟೋ ಜಾಸ್ತಿ ಇದ್ದರೆ ಎಕ್ಸ್‌ಟರ್ನಲ್ ಡಿಸ್ಕ್. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬೇರೆ ಏನನ್ನೂ ತೆರೆಯದೆ ನೇರವಾಗಿ ನಿಮ್ಮ ಬರಹದ ಫೋಲ್ಡರಿಗೆ ಹೋಗಿ. ಬರಹದ ಫೈಲುಗಳು ತೀರಾ ಚಿಕ್ಕವು, ಹತ್ತು ವರ್ಷದ್ದೂ ಸೇರಿ ಕೆಲವೇ ನಿಮಿಷದಲ್ಲಿ ಬಂದುಬಿಡುತ್ತವೆ. ಮೊದಲು ಅವನ್ನು ತೆಗೆದುಕೊಳ್ಳಿ. ಆಮೇಲೆ ಫೋಟೋ, ಅದೂ ಒಂದೊಂದೇ ಫೋಲ್ಡರ್. ಇಡೀ ಡಿ ಡ್ರೈವನ್ನು ಒಟ್ಟಿಗೆ ಎಳೆದು ಹಾಕಬೇಡಿ. ಎಲ್ಲೋ ಒಂದು ಕೆಟ್ಟ ಫೈಲು ಸಿಕ್ಕಿದರೆ ಅಲ್ಲಿಗೇ ಎಲ್ಲವೂ ನಿಂತುಹೋಗುತ್ತದೆ. ಒಂದು ಫೋಲ್ಡರ್ ಬಂದ ಹಾಗೆ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಹ್ಯಾಂಗ್ ಆದ ಫೋಲ್ಡರನ್ನು ಬಿಟ್ಟು ಮುಂದಕ್ಕೆ ಹೋಗಿ, ಅದನ್ನು ಕೊನೆಗೆ ನೋಡೋಣ.

ನುಡಿ ಬಳಸುವವರಿಗೆ ಇನ್ನೊಂದು ಮಾತು. ಹಳೆಯ ನುಡಿಯಲ್ಲಿ ಟೈಪ್ ಮಾಡಿದ ಬರಹ ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರದ ಲೆಕ್ಕ, ಅಲ್ಲದೆ ಇರಬಹುದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲು ಹಾಳಾಯಿತು ಅಂತ ಗಾಬರಿಯಾಗಿ ಅಳಿಸಿಹಾಕಿದವರನ್ನು ನಾನು ನೋಡಿದ್ದೇನೆ. ಅದು ಹಾಳಾಗಿರುವುದಿಲ್ಲ, ಫಾಂಟ್ ಇಲ್ಲ ಅಷ್ಟೇ. ಹಾಗಾಗಿ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಎಂಬ ಫೋಲ್ಡರ್ ಇರುತ್ತದೆ, ಅದರಿಂದ ನುಡಿ ಎಂದು ಶುರುವಾಗುವ ಫಾಂಟುಗಳನ್ನೂ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಎಲ್ಲ ಸರಿಹೋದ ಮೇಲೆ ಕನ್ವರ್ಟರ್ ಬಳಸಿ ಎಲ್ಲವನ್ನೂ ಯುನಿಕೋಡಿಗೆ ಬದಲಿಸಿ.

ಡಿಸ್ಕಿನಿಂದ ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಮಾತ್ರ ಮೇಲಿನದೇನನ್ನೂ ಮಾಡಬೇಡಿ. ಕೂಡಲೇ ಆರಿಸಿ. ಅದು ಒಳಗಿನ ಓದುವ ತಲೆ ತಡಕಾಡುವ ಸದ್ದು. ಆನ್ ಮಾಡಿದಷ್ಟೂ ಹಾನಿ ಜಾಸ್ತಿ. ಅಂಥ ಡಿಸ್ಕಿನಿಂದ ಡೇಟಾ ತೆಗೆಯುವುದೇ ಕಸುಬಾಗಿರುವವರು ಬೆಂಗಳೂರಿನಂಥ ಊರುಗಳಲ್ಲಿ ಇದ್ದಾರೆ, ಖರ್ಚು ಜಾಸ್ತಿ, ಬರಹದ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಬೇಕು.

ಇಷ್ಟೊಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಒಬ್ಬರು ಇದೇ ಥರ ನಿಂತು ನಿಂತು ಓಡುವ ಕಂಪ್ಯೂಟರ್ ತಂದಿದ್ದರು. ಅವರ ತಂದೆ ಯಕ್ಷಗಾನದ ಭಾಗವತರು, ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ಹಾಡಿಕೆಯ ರೆಕಾರ್ಡಿಂಗು ಆ ಡಿಸ್ಕಿನಲ್ಲಿ ಮಾತ್ರ ಇತ್ತು. ನಾನು ಕಾಪಿ ತೆಗೆಯದೆ, ಡಿಸ್ಕ್ ಸರಿಮಾಡುವ ಚೆಕ್‌ಡಿಸ್ಕ್ ಓಡಿಸಿ ರಾತ್ರಿ ಅಂಗಡಿ ಮುಚ್ಚಿ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಡಿಸ್ಕ್ ಕಾಣಿಸಲೇ ಇಲ್ಲ. ಚೆಕ್‌ಡಿಸ್ಕ್ ಪೂರ್ತಿ ಪರೀಕ್ಷೆ ಮಾಡುವಾಗ ಡಿಸ್ಕಿನ ಪ್ರತಿಯೊಂದು ಮೂಲೆಯನ್ನೂ ಓದುತ್ತದೆ. ಸುಸ್ತಾದ ಡಿಸ್ಕಿಗೆ ಅದು ರಾತ್ರಿಯಿಡೀ ಓಡಿಸಿದ ಹಾಗೆ. ಆ ದನಿ ಮತ್ತೆ ಸಿಗಲಿಲ್ಲ. ಅಂದಿನಿಂದ ಕಾಪಿ ತೆಗೆಯದೆ ಯಾರ ಡಿಸ್ಕಿನ ಮೇಲೂ ನಾನು ಏನನ್ನೂ ಓಡಿಸಿಲ್ಲ.

ಈಗ ಕಾಯಿಲೆ ಹಿಡಿಯುವ ಕೆಲಸ. ಹ್ಯಾಂಗ್ ಎನ್ನುವುದು ಜ್ವರದ ಹಾಗೆ, ಅದೊಂದೇ ಕಾಯಿಲೆ ಅಲ್ಲ. ಯಾವ ಥರ ನಿಲ್ಲುತ್ತದೆ ಎನ್ನುವುದನ್ನು ಮೊದಲು ನೋಡಬೇಕು. ಅದಕ್ಕೆ ಸುಲಭವಾದ ಒಂದು ಪರೀಕ್ಷೆ ಇದೆ, ಯಾವ ಸಾಫ್ಟ್‌ವೇರೂ ಬೇಡ. ಮುಂದಿನ ಸಲ ನಿಂತಾಗ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ, ಅದರ ಪುಟ್ಟ ದೀಪ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಕಂಪ್ಯೂಟರಿಗೆ ಇನ್ನೂ ಜೀವ ಇದೆ. ಅದು ಏನಕ್ಕೋ ಕಾಯುತ್ತಾ ಕೂತಿದೆ, ಹೆಚ್ಚಾಗಿ ಡಿಸ್ಕಿಗೆ. ಎಷ್ಟು ಒತ್ತಿದರೂ ದೀಪ ಅಲ್ಲಾಡದಿದ್ದರೆ ಒಳಗೆ ಪೂರ್ತಿ ನಿಂತುಹೋಗಿದೆ. ಆಗ ರ‍್ಯಾಮ್, ಶಾಖ, ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ), ಮದರ್‌ಬೋರ್ಡ್ (ಎಲ್ಲ ಭಾಗಗಳನ್ನೂ ಜೋಡಿಸುವ ದೊಡ್ಡ ಬೋರ್ಡ್) ಕಡೆ ನೋಡಬೇಕು. ಜೊತೆಗೆ ಕ್ಯಾಬಿನೆಟ್ ಮುಂದಿರುವ ಹಾರ್ಡ್ ಡಿಸ್ಕ್ ದೀಪವನ್ನೂ ಗಮನಿಸಿ. ಮಿಣಕದೆ ಒಂದೇ ಸಮನೆ ಉರಿಯುತ್ತಿದ್ದರೆ ಡಿಸ್ಕ್ ಒದ್ದಾಡುತ್ತಿದೆ ಎಂದರ್ಥ.

"ಒಂದೆರಡು ನಿಮಿಷ ಕಾದರೆ ತಾನೇ ಸರಿಹೋಗುತ್ತದೆ" ಅಂದಿರಲ್ಲ, ಆ ಒಂದು ಮಾತೇ ನನ್ನನ್ನು ಡಿಸ್ಕಿನ ಕಡೆ ತಿರುಗಿಸಿದ್ದು. ರ‍್ಯಾಮ್ ಕೆಟ್ಟು ನಿಂತ ಕಂಪ್ಯೂಟರ್ ಹಾಗೆ ಎದ್ದು ಬರುವುದು ಅಪರೂಪ. ಡಿಸ್ಕಿನ ಮೇಲೆ ಒಂದು ಜಾಗ ಸವೆದಿದ್ದರೆ ಓದುವ ತಲೆ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ. ಅಷ್ಟು ಹೊತ್ತೂ ವಿಂಡೋಸ್ ಕಾಯುತ್ತದೆ. ಕೊನೆಗೆ ಓದಿತೋ ಕೈಬಿಟ್ಟಿತೋ, ಒಮ್ಮೆಲೇ ಎಲ್ಲ ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ನೀವು ಹತ್ತು ಕಡೆ ಕ್ಲಿಕ್ ಮಾಡಿದ್ದರೆ ಹತ್ತೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಹೀಗೆ ಆಗಿದೆ, ಅಲ್ವಾ?

ಫಾರ್ಮ್ಯಾಟ್ ಮಾಡಿದ ಮೇಲೆ ಹದಿನೈದು ದಿನ ಚೆನ್ನಾಗಿದ್ದದ್ದು ಯಾಕೆ ಎನ್ನುವುದಕ್ಕೂ ಇದರಲ್ಲೇ ಉತ್ತರ ಇದೆ. ವಿಂಡೋಸ್ ಹಾಕುವಾಗ ಮಾಡುವ ಫಾರ್ಮ್ಯಾಟ್ ಡಿಸ್ಕನ್ನು ಪರೀಕ್ಷೆ ಮಾಡುವುದಿಲ್ಲ, ಪುಸ್ತಕದ ಪರಿವಿಡಿಯನ್ನು ಹರಿದು ಹೊಸ ಹಾಳೆ ಅಂಟಿಸಿದ ಹಾಗೆ ಅಷ್ಟೇ. ಹೊಸ ಫೈಲುಗಳು ಬೇರೆ ಬೇರೆ ಜಾಗದಲ್ಲಿ ಕೂರುತ್ತವೆ. ಕೆಟ್ಟ ಜಾಗದ ಮೇಲೆ ಹೊಸದಾಗಿ ಬರೆದಾಗ ಡಿಸ್ಕ್ ತನ್ನಲ್ಲಿ ಮೀಸಲಿಟ್ಟಿರುವ ಬದಲಿ ಜಾಗವನ್ನು ಕೊಡುತ್ತದೆ. ಹಾಗಾಗಿ ಕೆಲವು ದಿನ ಸಲೀಸು. ಆಮೇಲೆ ಹೊಸ ಜಾಗ ಸವೆಯುತ್ತದೆ, ಮತ್ತೆ ನಿಲ್ಲುತ್ತದೆ. ಅಂಗಡಿಯವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಆದರೆ ಒಂದೇ ಕಂಪ್ಯೂಟರ್ ಎರಡನೇ ಸಲ ಅದೇ ಕಾಯಿಲೆಯಿಂದ ಬಂದಾಗ ಡಿಸ್ಕ್ ಪರೀಕ್ಷೆ ಮಾಡಲೇಬೇಕಿತ್ತು. ಐದು ನಿಮಿಷದ ಕೆಲಸ ಅದು.

ಆ ಐದು ನಿಮಿಷದ ಕೆಲಸವನ್ನು ನೀವೇ ಮಾಡಬಹುದು. ಕಾಪಿ ಮುಗಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ತೆರೆಯಿರಿ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ, ಇದು ಅದನ್ನು ಓದಿ ತೋರಿಸುತ್ತದೆ. ನೀಲಿ ಬಣ್ಣದಲ್ಲಿ ಗುಡ್ ಎಂದಿದ್ದರೆ ಒಳ್ಳೆಯದು. ಹಳದಿಯಲ್ಲಿ ಕಾಷನ್ ಅಥವಾ ಕೆಂಪಿನಲ್ಲಿ ಬ್ಯಾಡ್ ಎಂದಿದ್ದರೆ ಡಿಸ್ಕ್ ಬದಲಿಸಬೇಕು, ಎರಡು ಮಾತಿಲ್ಲ. ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಸಾಲುಗಳ ಕೊನೆಯ ಅಂಕಿ ನೋಡಿ. 05 ಎಂದರೆ ಈಗಾಗಲೇ ಬದಲಿ ಕೊಟ್ಟ ಜಾಗಗಳು. ಸಿ5 ಎಂದರೆ ಓದಲಾಗದೆ ಅನುಮಾನದಲ್ಲಿ ಇಟ್ಟಿರುವ ಜಾಗಗಳು. ಸಿ6 ಎಂದರೆ ಸರಿಮಾಡಲು ಆಗದೇ ಹೋದವು. ಎಲ್ಲವೂ ಸೊನ್ನೆ ಇರಬೇಕು. ಸಿ5 ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಆಸೆ ಬಿಡಿ. ಆದರೆ ಈ ಮೂರೂ ಸೊನ್ನೆ ಇದ್ದು ಸಿ7 ಮಾತ್ರ ಏರುತ್ತಿದ್ದರೆ ಖುಷಿಪಡಿ, ತಪ್ಪು ಡಿಸ್ಕಿನದ್ದಲ್ಲ, ಡಿಸ್ಕಿನಿಂದ ಬೋರ್ಡಿಗೆ ಹೋಗುವ ಸಾಟಾ ಕೇಬಲ್‌ನದ್ದು. ಅದು ಅಗ್ಗದ ತಂತಿ, ಬದಲಿಸಿದರೆ ಮುಗಿಯಿತು.

ಇನ್ನೊಂದು ಸಾಕ್ಷಿ ವಿಂಡೋಸ್ ಒಳಗೇ ಇದೆ. ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಇವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಹ್ಯಾಂಗ್ ಆದ ಸಮಯದ ಆಸುಪಾಸಿನಲ್ಲಿ ಡಿಸ್ಕ್ ಎಂಬ ಹೆಸರಿನಲ್ಲಿ 7, 51, 153 ಇಂಥ ನಂಬರು ಅಥವಾ 129 ಕಂಡರೆ ಡಿಸ್ಕ್ ಇಲ್ಲವೇ ಅದರ ಕೇಬಲ್ ತೊಂದರೆ ಕೊಡುತ್ತಿದೆ. ಕೆಂಪು ಗುರುತಿನ ಕರ್ನಲ್-ಪವರ್ 41 ಕಂಡು ಹೆದರಬೇಡಿ. ನೀವು ಪವರ್ ಬಟನ್ ಒತ್ತಿ ಆರಿಸಿದ್ದನ್ನೇ ಅದು ಬರೆದುಕೊಂಡಿರುತ್ತದೆ. ಸುಮಾರು ಜನ ಅದನ್ನೇ ಕಾಯಿಲೆ ಅಂದುಕೊಂಡು ಸುಮ್ನೆ ಎಸ್‌ಎಂಪಿಎಸ್ ಬದಲಿಸಿದ್ದಾರೆ.

ಡಿಸ್ಕ್ ಪೂರ್ತಿ ಚೆನ್ನಾಗಿದೆ ಅಂತ ಬಂದರೆ? ಆಗ ಲಿನಕ್ಸ್ ಪೆನ್‌ಡ್ರೈವಿನ ಪರೀಕ್ಷೆ ಮಾಡಿ. ಲಿನಕ್ಸ್ ಎಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ, ಮಿಂಟ್ ಅದರ ಒಂದು ಬಗೆ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು, ಯಾಕೆಂದರೆ ಅರ್ಧ ಅನುಮಾನವನ್ನು ಒಂದೇ ಏಟಿಗೆ ಕಳೆಯುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಇಳಿಸಿಕೊಂಡು ರೂಫಸ್ ಎಂಬ ಸಾಫ್ಟ್‌ವೇರಿನಿಂದ ಒಂದು ಖಾಲಿ ಪೆನ್‌ಡ್ರೈವಿಗೆ ಹಾಕಬೇಕು. ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಬರಹ ಕಾಪಿ ಮಾಡಿದ ಪೆನ್‌ಡ್ರೈವನ್ನು ಅಪ್ಪಿತಪ್ಪಿಯೂ ಬಳಸಬೇಡಿ. ನಿಮ್ಮ ಕಂಪ್ಯೂಟರಿನ ಪ್ಲಗ್ ತೆಗೆದು, ಹಾರ್ಡ್ ಡಿಸ್ಕಿನ ಕೇಬಲ್ ಬಿಚ್ಚಿ, ಪೆನ್‌ಡ್ರೈವಿನಿಂದಲೇ ಆನ್ ಮಾಡಿ. ಡಿಸ್ಕೇ ಇಲ್ಲದೆ ಕಂಪ್ಯೂಟರ್ ಓಡುತ್ತದೆ. ಒಂದೆರಡು ಗಂಟೆ ಯೂಟ್ಯೂಬ್ ಹಾಕಿ ಬಿಡಿ. ನಿಲ್ಲದಿದ್ದರೆ ತಪ್ಪು ಡಿಸ್ಕಿನದ್ದು ಅಥವಾ ವಿಂಡೋಸಿನದ್ದು. ಅಲ್ಲೂ ನಿಂತರೆ ಡಿಸ್ಕ್, ವಿಂಡೋಸ್, ವೈರಸ್ ಮೂರೂ ನಿರಪರಾಧಿಗಳು.

ಹಾಗೆ ನಿಂತರೆ ನಾನು ಮೊದಲು ಕೈಹಾಕುವುದು ರ‍್ಯಾಮಿಗೆ, ಅದೂ ನಿಮ್ಮ ಸೀಮೆಯಲ್ಲಿ. ಆಗುಂಬೆಯ ಮಳೆಯ ತೇವ ನಿಮ್ಮ ಮನೆಯ ಕಪಾಟಿನ ಪುಸ್ತಕಕ್ಕೆ ಏನು ಮಾಡುತ್ತದೋ ಕ್ಯಾಬಿನೆಟ್ ಒಳಗೂ ಅದನ್ನೇ ಮಾಡುತ್ತದೆ. ಪ್ಲಗ್ ತೆಗೆಯಿರಿ. ಪವರ್ ಬಟನ್ ಒಂದು ಸಲ ಒತ್ತಿ ಒಳಗೆ ಉಳಿದ ಕರೆಂಟ್ ಹೋಗಲಿ. ಪಕ್ಕದ ತಗಡು ತೆಗೆದು, ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹದ ಭಾಗವನ್ನು ಬರಿಗೈಯಲ್ಲಿ ಮುಟ್ಟಿ, ಆಮೇಲೆ ರ‍್ಯಾಮ್. ಎರಡು ತುದಿಯ ಕ್ಲಿಪ್ ಒತ್ತಿದರೆ ತಾನೇ ಮೇಲೆ ಬರುತ್ತದೆ. ಅದರ ಅಂಚಿನಲ್ಲಿ ಸಾಲಾಗಿ ಹಳದಿ ಹಲ್ಲುಗಳಿವೆ. ಬೆಳಕಿಗೆ ಹಿಡಿದು ನೋಡಿ. ತೇವ ತಿಂದ ರ‍್ಯಾಮಿನಲ್ಲಿ ಆ ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿ, ಮೇಲೆ ತೆಳ್ಳಗೆ ಮಂಜು ಕೂತ ಹಾಗೆ ಕಾಣುತ್ತವೆ. ಮಕ್ಕಳು ಪೆನ್ಸಿಲಿಗೆ ಬಳಸುವ ಮೆತ್ತನೆಯ ಬಿಳಿ ರಬ್ಬರಿನಿಂದ ಮೇಲಿನಿಂದ ಕೆಳಕ್ಕೆ ನಿಧಾನ ಉಜ್ಜಿ. ನಾಲ್ಕೈದು ಸಲ ಉಜ್ಜುವಷ್ಟರಲ್ಲಿ ರಬ್ಬರ್ ಕಪ್ಪಾಗುತ್ತದೆ, ಹಲ್ಲು ಹೊಳೆಯುತ್ತದೆ. ಪುಡಿಯನ್ನು ಬ್ರಷ್ಷಿನಿಂದ ಒರೆಸಿ, ಸ್ಲಾಟಿನೊಳಗಿನ ಧೂಳನ್ನೂ ತೆಗೆದು, ಎರಡೂ ಕಡೆ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಮಳೆಗಾಲದಲ್ಲಿ ಅಂಗಡಿಗೆ ಬರುವ ಎಷ್ಟೋ ಕಂಪ್ಯೂಟರ್ ಇಷ್ಟರಲ್ಲೇ ಸರಿಹೋಗುತ್ತವೆ. ಆಮೇಲೂ ನಿಂತರೆ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ಸಾಫ್ಟ್‌ವೇರ್ ರಾತ್ರಿ ಹಾಕಿ ಬಿಡಿ. ಅದರಲ್ಲಿ ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ಬೇಡ.

ಶಾಖದ ವಿಷಯ. ಶಾಖ ಜಾಸ್ತಿಯಾದರೆ ಮೊದಲು ನಿಧಾನವಾಗುತ್ತದೆ, ತೀರಾ ಮಿತಿ ಮೀರಿದರೆ ತಾನೇ ಆರಿಹೋಗುತ್ತದೆ. ಶಾಖ ಎಷ್ಟಿದೆ ಎಂದು ತೋರಿಸುವ ಎಚ್‌ಡಬ್ಲ್ಯೂಮಾನಿಟರ್ ಸಾಫ್ಟ್‌ವೇರ್ ಹಾಕಿ ನೋಡಿ. ಕೆಲಸ ಮಾಡುವಾಗ 80 ಡಿಗ್ರಿಯೊಳಗೆ ಇದ್ದರೆ ಚಿಂತೆ ಇಲ್ಲ, 90 ದಾಟಿದರೆ ಫ್ಯಾನ್ ನೋಡಬೇಕು. ನಿಮ್ಮ ಕಾಲದ ಇಂಟೆಲ್ ಫ್ಯಾನಿಗೆ ನಾಲ್ಕು ಪ್ಲಾಸ್ಟಿಕ್ ಗೂಟಗಳಿವೆ, ಧೂಳು ಹೊಡೆಯುವಾಗಲೋ ಸಾಗಿಸುವಾಗಲೋ ಒಂದು ಸಡಿಲವಾದರೂ ಫ್ಯಾನ್ ಪ್ರೊಸೆಸರಿಗೆ ಸರಿಯಾಗಿ ಅಂಟುವುದಿಲ್ಲ. ಬ್ಲೋವರ್ ಹೊಡೆಯುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಅದು ಜೋರಾಗಿ ತಿರುಗಬಾರದು. ಪ್ರೊಸೆಸರಿಗೂ ಫ್ಯಾನಿಗೂ ನಡುವೆ ಶಾಖ ದಾಟಿಸುವ ಪೇಸ್ಟ್ ಹಾಕುವುದಾದರೆ ಹಳೆಯದನ್ನು ಪೂರ್ತಿ ಒರೆಸಿ ಒಂದು ತೊಗರಿ ಕಾಳಿನಷ್ಟು ಸಾಕು.

ಎಸ್‌ಎಂಪಿಎಸ್ ಬಗ್ಗೆ ಎರಡೇ ಮಾತು. ಸಂಜೆ ಹೊತ್ತು, ಅಥವಾ ಪಂಪ್‌ಸೆಟ್ ಓಡುವಾಗ ಮಾತ್ರ ನಿಲ್ಲುತ್ತದೆಯಾ ಅಂತ ಗಮನಿಸಿ, ಹಾಗಿದ್ದರೆ ವೋಲ್ಟೇಜ್ ಕಡೆ ನೋಡಿ. ಎಸ್‌ಎಂಪಿಎಸ್ ಸಂಶಯ ಬಂದರೆ ಒಂದು ದಿನದ ಮಟ್ಟಿಗೆ ಒಳ್ಳೆಯದೊಂದನ್ನು ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳ ಹಾಗೆ ನಿಂತಿರುವ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಮಾತ್ರ ಬೋರ್ಡಿಗೆ ವಯಸ್ಸಾಗಿದೆ.

ಇನ್ನು ಹೊಸ ಕಂಪ್ಯೂಟರ್ ತಗೊಳ್ಳಬೇಕಾ ಎನ್ನುವ ಪ್ರಶ್ನೆ. ನೀವು ಮಾಡುವುದು ಟೈಪಿಂಗ್, ಫೋಟೋ, ಇಂಟರ್‌ನೆಟ್. ಅದಕ್ಕೆ ಈ ಐ3 ಸಾಕು. ಡಿಸ್ಕ್ ಕೆಟ್ಟಿದ್ದರೆ ಅದರ ಜಾಗಕ್ಕೆ ಇನ್ನೊಂದು ತಿರುಗುವ ಹಾರ್ಡ್ ಡಿಸ್ಕ್ ಹಾಕಿಸಬೇಡಿ, 256 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದೆ ಚಿಪ್ಪಿನಲ್ಲಿ ಬರೆದಿಡುವ ಡಿಸ್ಕ್) ಹಾಕಿಸಿ. ಸ್ಲಾಟ್ ಖಾಲಿ ಇದ್ದರೆ ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿ, 8 ಆಗಲಿ. ಈಗಿನ ವಿಂಡೋಸಿಗೂ ಬ್ರೌಸರಿಗೂ 4 ಜಿಬಿ ಸಾಲುವುದಿಲ್ಲ. ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕನ್ನೇ ರ‍್ಯಾಮಿನ ಹಾಗೆ ಬಳಸುತ್ತದೆ, ಡಿಸ್ಕ್ ಚೆನ್ನಾಗಿದ್ದರೂ ಹ್ಯಾಂಗ್ ಆದಂತೆ ಕಾಣಲು ಅದೂ ಕಾರಣ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ಎಂದು ನಿಂತಿರುವುದು ಇಂಥಾ ಹೊತ್ತಿನಲ್ಲೇ. ನಾಲ್ಕನೇ ಜನರೇಷನ್‌ಗೆ ಬೇಕಾದದ್ದು ಸಾಮಾನ್ಯವಾಗಿ ಡಿಡಿಆರ್3, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಕಂಪ್ಯೂಟರ್ ವೇಗ ಮಾಡುತ್ತೇವೆ ಎನ್ನುವ ಕ್ಲೀನರುಗಳು ಒಂದೂ ಬೇಡ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್. ನಿಮ್ಮದು ಆ ಪಟ್ಟಿಯಲ್ಲಿ ಬರುವುದಿಲ್ಲ. ಬ್ಯಾಂಕ್ ವ್ಯವಹಾರವನ್ನು ಅದರಲ್ಲಿ ಮಾಡುತ್ತೀರಾದರೆ ಇದನ್ನು ಯೋಚಿಸಲೇಬೇಕು. ನಾನಾದರೆ ಎಸ್‌ಎಸ್‌ಡಿ ಹಾಕಿದ ಮೇಲೆ ಲಿನಕ್ಸ್ ಮಿಂಟನ್ನೇ ಉಳಿಸಿಕೊಳ್ಳುತ್ತೇನೆ. ನುಡಿಯಲ್ಲಿ ಅಭ್ಯಾಸವಾದ ಅದೇ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಬೋರ್ಡ್ ವಿನ್ಯಾಸ ಅಲ್ಲೂ ಸಿಗುತ್ತದೆ, ನಿಮ್ಮ ಬೆರಳಿಗೆ ಹೊಸ ಪಾಠ ಬೇಕಿಲ್ಲ. ಬರೆದದ್ದೆಲ್ಲ ನೇರವಾಗಿ ಯುನಿಕೋಡಿನಲ್ಲೇ ಬರುತ್ತದೆ.

ಹಳೆಯ ಡಿಸ್ಕನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. ಹೊಸದರಲ್ಲಿ ಎಲ್ಲ ಫೈಲೂ ತೆರೆದು ನೋಡುವವರೆಗೆ ಬಟ್ಟೆಯಲ್ಲಿ ಸುತ್ತಿ ಮನೆಯಲ್ಲೇ ಇಡಿ. ಬಿಟ್ಟುಹೋದ ಫೋಲ್ಡರ್ ಇದ್ದರೆ ಆ ಡಿಸ್ಕನ್ನು ಯುಎಸ್‌ಬಿ ಕೇಬಲ್‌ನಿಂದ ಬೇರೆ ಕಂಪ್ಯೂಟರಿಗೆ ಜೋಡಿಸಿ ಇನ್ನೊಮ್ಮೆ ಪ್ರಯತ್ನಿಸಬಹುದು. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟಿನ ಅಡಾಪ್ಟರ್ ಜೊತೆಗಿರುವ ಕೇಬಲ್ಲೇ ಬೇಕು, ಬರೀ ಯುಎಸ್‌ಬಿ ಕರೆಂಟಿಗೆ ಅದು ತಿರುಗುವುದಿಲ್ಲ.

ಕಾಪಿ ಮುಗಿದ ಮೇಲೆ ಕ್ಯಾಪ್ಸ್ ಲಾಕ್ ದೀಪ ಏನು ಮಾಡಿತು, 05, ಸಿ5, ಸಿ6, ಸಿ7 ಸಾಲುಗಳಲ್ಲಿ ಏನಿದೆ, ಇಷ್ಟು ಬರೆದು ಕಳಿಸಿ. ಏನು ಕೊಳ್ಳಬೇಕು ಅಂತ ಆಮೇಲೆ ಖಚಿತವಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ, ಪೆನ್‌ಡ್ರೈವ್ ಒಂದನ್ನು ಬಿಟ್ಟು.